ಸ್ಟೆಲ್ಲಾ ಆಂಟಿಯ ಅಪ್ಪನ ಕಲ್ಲಿಗೆ ವಿಭೂತಿ

ತಡೀರಿ, ಊಟಕ್ಕೆ ಕೂರುವ ಮೊದಲು ಇದನ್ನು ಕೇಳಿಬಿಡಿ. ಬೆಂಗಳೂರಿನಲ್ಲಿ ಹಳೆಯ ಸಮಾಧಿಯನ್ನು ತೆರೆದು ಅದೇ ಗುಂಡಿಯಲ್ಲಿ ಇನ್ನೊಬ್ಬರನ್ನು ಮಲಗಿಸುತ್ತಾರೆ! ಭಾನುವಾರ ಕಿವಿಯಾರೆ ಕೇಳಿದೆ, ಸೋಮವಾರ ಕಣ್ಣಾರೆ ಕಂಡೆ.

ರೋಣದ ಕಡೆಯ ನಾನು ಹಲಸೂರಿಗೆ ಬಂದು ಕೆಲವು ತಿಂಗಳಾಯಿತು. ಶಿವಾಜಿನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ರಜೆ ಸಿಕ್ಕರೆ ಹಳೆಯ ಕಲ್ಲುಗಳ ಹುಚ್ಚು. ಊರಿನ ಕೆರೆದಂಡೆಯ ಶಾಸನಗಳನ್ನು ಯಾರೂ ಕಲಿಸದೆಯೇ ಓದಲು ಕಲಿತವಳು ನಾನು. ಇಲ್ಲಿ ಇಂಗ್ಲಿಷರ ಕಾಲದ ಕ್ರೈಸ್ತರ ಸ್ಮಶಾನವಿದೆ ಎಂದು ತಿಳಿದ ಮೇಲೆ ಬಿಡುತ್ತೇನೆಯೇ? ಭಾನುವಾರ ಹೋದೆ.

ರೆಕ್ಕೆ ಮುರಿದ ದೇವದೂತೆ, ಜ್ವರದಲ್ಲಿ ಸತ್ತ ಸಿಪಾಯಿ, ವರ್ಷ ತುಂಬದ ಕೂಸು. ನಮ್ಮಲ್ಲಿ ಸತ್ತವರನ್ನು ವಿಭೂತಿ ಹಚ್ಚಿ, ನಮ್ಮ ಹೊಲದಲ್ಲೇ ಕುಳ್ಳಿರಿಸಿ ಹೂಳುತ್ತೇವೆ. ಹೆಸರಿನ ಕಲ್ಲು ಇಲ್ಲ. ಅಜ್ಜಿ ಎಲ್ಲಿ ಕೂತಿದ್ದಾಳೆಂದು ಅವ್ವನಿಗೆ ಗೊತ್ತು, ಅಷ್ಟು ಸಾಕು. ಇಲ್ಲಿ ಹೆಸರಿದೆ, ಗುರುತು ಹಿಡಿಯುವವರಿಲ್ಲ.

ಸವೆದ ಒಂದು ಕಲ್ಲಿನ ಮೇಲೆ, ಊರಲ್ಲಿ ಮಾಡುವಂತೆ, ಬ್ಯಾಗಿನಲ್ಲಿದ್ದ ವಿಭೂತಿ ಗಟ್ಟಿಯನ್ನು ಉಜ್ಜಿದೆ. ಕಲ್ಲು ಬೆಳ್ಳಗಾಗಿ, ಕೆತ್ತಿದ ಅಕ್ಷರ ಕಪ್ಪಗೆ ಮೇಲೆದ್ದಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು.

"ಏಯ್! ಯಾರಿಗೆ ಮಾಟ ಮಾಡ್ತಾ ಇದೀಯಾ?"

ಐವತ್ತು ದಾಟಿದ ಹೆಂಗಸು, ಕೈಯಲ್ಲಿ ಕೊಡೆ ಎತ್ತಿ ಹಿಡಿದಿದ್ದರು.

"ಅಯ್ಯೋ ಮಾಟ ಅಲ್ರೀ ಆಂಟಿ! ಅಕ್ಷರ ಓದಾಕ್ಹತ್ತೀನಿ!"

ಕಲ್ಲನ್ನು ನೋಡಿದರು. ಕೊಡೆ ಕೆಳಗಿಳಿಯಿತು. "ನಮ್ಮಪ್ಪನ ಕಲ್ಲಿಗೂ ಮಾಡ್ತೀಯಾ?"

ಸ್ಟೆಲ್ಲಾ ಆಂಟಿ ಬೆನ್ಸನ್ ಟೌನಿನವರು. ಹಿಂದಿನ ದಿನ ಅವರಮ್ಮ ತೀರಿಕೊಂಡಿದ್ದರು. ಗಂಡನ ಜೊತೆಗೇ ಮಲಗಿಸಿ ಎಂಬುದು ಕೊನೆಯ ಮಾತು. ಆದರೆ ಗಂಡನ ಸಮಾಧಿ ಯಾವುದು? "ಪ್ರತಿ ನವೆಂಬರ್ ಸತ್ತವರ ಹಬ್ಬಕ್ಕೆ ಅಮ್ಮನೇ ಒಳಗೆ ಬಂದು ಹೂ ಹಾಕ್ತಿದ್ರು. ನಾನು ಗೇಟ್ ಹತ್ರ ಫೋನಲ್ಲಿ ಮಾತಾಡ್ತಾ ನಿಂತಿರ್ತಿದ್ದೆ. ಈ ಸಾಲು ಅಂತ ಗೊತ್ತು, ಕಲ್ಲು ಗೊತ್ತಿಲ್ಲ. ಬೆಳಗ್ಗೆ ಗುಂಡಿ ತೋಡೋರು ಬರ್ತಾರೆ. ಇಲ್ಲಿ ಹೊಸ ಗುಂಡಿಗೆ ಜಾಗ ಇಲ್ಲ. ತೋರಿಸ್ಲಿಲ್ಲಾಂದ್ರೆ ಅಮ್ಮನ್ನ ಕೆ.ಆರ್. ಪುರದ ಆಚೆ ಎಲ್ಲೋ ಒಂಟಿಯಾಗಿ ಹಾಕ್ಬೇಕು."

"ಆದ್ರ ಇದು ವಿಭೂತಿ ರೀ..."

"ತೊಳೆದ್ರೆ ಹೋಗತ್ತಲ್ಲ? ಹಾಕು ಮಗಾ!"

ಮೊದಲ ಕಲ್ಲು ಬೇರೆ ಯಾರದೋ. ಎರಡನೆಯದು ಬರೀ ಶಿಲುಬೆ. ಮೂರನೆಯದರಲ್ಲಿ ಎದ್ದದ್ದು ತಮಿಳು ಅಕ್ಷರ, ನನಗೆ ಒಂದೂ ಬಾರದು. ಆಂಟಿ ಬೆರಳಿಟ್ಟು ಓದುತ್ತಾ ಹೋಗಿ, ಕಲ್ಲಿನ ಪಕ್ಕದಲ್ಲೇ ಕುಸಿದು ಕೂತರು. "ಏಸುದಾಸ್. ಅಪ್ಪಾ."

ನಾನು ಕುಣಿಯುವಷ್ಟರಲ್ಲಿ ಅವರು ಕಣ್ಣೊರೆಸಿಕೊಂಡು, "ನಾಳೆ ಇದನ್ನೇ ತೆಗೀತಾರೆ. ಅಪ್ಪನ ಮೂಳೆ ಬಟ್ಟೇಲಿ ಕಟ್ಟಿ ಅಮ್ಮನ ಕಾಲ ಹತ್ರ ಇಡ್ತಾರೆ" ಎಂದರು.

"ತೆಗೀತಾರ?!"

"ಬದುಕಿದ್ದಷ್ಟು ದಿನ ಒಂದೇ ರೂಮಲ್ಲಿದ್ರು. ಈಗೇನು ಬೇರೆ ಮನೆ ಮಾಡ್ಕೊಡ್ಲಾ?"

ಸೋಮವಾರ ರಸೆಲ್ ಮಾರ್ಕೆಟ್ಟಿನ ಸೇವಂತಿಗೆ ಹಿಡಿದು ಹೋದೆ. ಬಿಳಿ ಬಟ್ಟೆಯ ಗಂಟು ಎಷ್ಟು ಚಿಕ್ಕದಿತ್ತು! ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಆಂಟಿ ಕೈ ಹಿಡಿದು, "ನವೆಂಬರಲ್ಲಿ ಕ್ಯಾಂಡಲ್ ಹಚ್ಚೋಕೆ ಬಾ. ನಿಂಗೆ ಜಾಗ ಗೊತ್ತಲ್ಲ" ಎಂದರು.

ಅವ್ವನಿಗೆ ಫೋನ್ ಮಾಡಿದೆ. "ಶಿವನ! ಹೂಳಿದ್ದನ್ನ ತೆಗೀತಾರೇನ? ನೀ ಹೆದರಬ್ಯಾಡವ್ವಾ, ನಿನಗ ಹೊಲದಾಗ ಜಾಗಾ ಐತಿ" ಎಂದಳು.

"ಅವ್ವಾ, ಅಜ್ಜಿ ಎಲ್ಲಿ ಕುಂತಾಳ?"

"ಬಾ, ತೋರಸ್ತೀನಿ. ಫೋನಿನ್ಯಾಗ ಹ್ಯಾಂಗ ಹೇಳ್ಲಿ?"

ಈ ಊರಲ್ಲಿ ಯಾರದೋ ತಂದೆತಾಯಿಯ ಜಾಗ ಕಣ್ಣು ಮುಚ್ಚಿ ತೋರಿಸಬಲ್ಲೆ. ನಮ್ಮ ಹೊಲದಲ್ಲಿ ನನ್ನ ಅಜ್ಜಿಯ ಜಾಗ ನನಗೆ ಗೊತ್ತಿಲ್ಲ. ನಿಮ್ಮವರು ಎಲ್ಲಿದ್ದಾರೆ, ನಿಮಗೆ ಗೊತ್ತಾ? ಇವತ್ತೇ ಮನೆಯಲ್ಲಿ ಕೇಳಿ, ಅವರು ಏನೆಂದರು ಅಂತ ನನಗೂ ಬರೆಯಿರಿ.