ಸುಣ್ಣ ಬಳಿದ ಗೋಡೆ

ಮೊದಲ ಕೆಮ್ಮು ಮಗ್ಗದ ಮೇಲೆಯೇ ಬಂತು. ಲಾಳಿ ಕೈತಪ್ಪಿತು. ನೂಲಿನ ಧೂಳಿರಬೇಕು ಅಂದುಕೊಂಡು ನೀರು ಕುಡಿದು ಮತ್ತೆ ನೇಯ್ದೆ. ದೀಪಾವಳಿಯ ಸೀರೆ, ನಿಲ್ಲಿಸೋಕಾಗುತ್ತಾ?

ಅದು ಎಂಬತ್ತೈದರ ಐಪ್ಪಸಿ ತಿಂಗಳ ಮಳೆ, ದೀಪಾವಳಿ ಹೊತ್ತಿನದು. ಆ ಮಳೆ ಮುಗಿಯುವುದರೊಳಗೆ ನನ್ನನ್ನು ಸಿರುಮುಗೈಯಿಂದ ಮೇಟ್ಟುಪಾಳ್ಯದ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕಾಯಿತು. ಇಂಜೆಕ್ಷನ್, ಎಕ್ಸ್‌ರೇ, ಆಕ್ಸಿಜನ್.

ಆಸ್ತಮಾ.

"ಮನೆಯಲ್ಲಿ ತೇವ ಇದೆಯಾಮ್ಮ?" ಅಂತ ಡಾಕ್ಟರ್ ತಮಿಳಲ್ಲಿ ಕೇಳಿದರು. ತೇವ ಬಿಟ್ಟು ನಮ್ಮ ಬಾಡಿಗೆ ಮನೆಯಲ್ಲಿ ಬೇರೇನಿತ್ತು! ಗೋಡೆಯಾಚೆಗೆ ಮನೆ ಓನರ್‌ದೇ ಶೆಡ್ಡು, ನೂಲಿಗೆ ಬಣ್ಣ ಹಾಕುವುದು. ತೊಳೆದ ನೀರೆಲ್ಲ ನಮ್ಮ ಗೋಡೆಗೆ ಇಳಿದು, ಮಗ್ಗದ ಗುಂಡಿಯಲ್ಲಿ ಒಸರುತ್ತಿತ್ತು. ನಮ್ಮದು ಗುಂಡಿಮಗ್ಗ, ಕಾಲು ಗುಂಡಿಯೊಳಗೆ ಇಳಿಬಿಟ್ಟು ತುಳಿಯಬೇಕು. ವರ್ಷಗಟ್ಟಲೆ ಆ ಗುಂಡಿಯ ಗಾಳಿಯನ್ನೇ ಕುಡಿದಿದ್ದೆ.

ಓನರ್ ಹತ್ತಿರ ಹೋದರೆ, "ಗುಂಡಿ ತೋಡಿದ್ದು ನೀವು, ನೀರು ಬಂದ್ರೆ ನಾನೇನು ಮಾಡ್ಲಿ?" ಅಂದರು. ನನಗೆ ಉರಿದುಹೋಯಿತು. ಕೇಸು ಹಾಕೋಣ ಅಂದೆ.

ನಮ್ಮವರು ಮೆತ್ತಗಿನ ಮನುಷ್ಯ. "ಕೋರ್ಟಿನಲ್ಲಿ ಗೆದ್ದೋನು ಸೋತ, ಸೋತೋನು ಸತ್ತ ಅಂತಾರೆ. ಬೇಡ ಕಣೆ."

"ಸಾಯೋದಾದ್ರೆ ಕೇಸು ಹಾಕಿಯೇ ಸಾಯ್ತೀನಿ."

ನನಗೆ ಬೇಕಾಗಿದ್ದು ಇಷ್ಟೇ. ಗೋಡೆ ಒಣಗಬೇಕು, ನಾನು ಮತ್ತೆ ಅದೇ ಗುಂಡಿಯಲ್ಲಿ ಕಾಲಿಳಿಸಿ ಕೂರಬೇಕು. ತವರಲ್ಲಿ ಬರೀ ಹತ್ತಿ ನೇಯ್ದಿದ್ದವಳು ನಾನು. ಮದುವೆಯಾಗಿ ಬಂದ ವರ್ಷ ಅತ್ತೆ ಪಕ್ಕದಲ್ಲೇ ಕೂತು, ನನ್ನ ಪಾದದ ಮೇಲೆ ತಮ್ಮ ಪಾದ ಇಟ್ಟು, ರೇಷ್ಮೆಗೆ ಎಷ್ಟು ತುಳಿಯಬೇಕು ಅಂತ ಕಲಿಸಿದ್ದು ಅಲ್ಲೇ. ಆಸ್ಪತ್ರೆ ಮಂಚದ ಮೇಲೆ ಮಲಗಿದ್ದಾಗ ಊಟ ನೆನಪಾಗಲಿಲ್ಲ, ಆ ತುಳಿಯುವ ಹಲಗೆ ನೆನಪಾಗುತ್ತಿತ್ತು. ಅರ್ಧ ನೇಯ್ದ ನೀಲಿ ಸೀರೆಯ ಮೇಲೆ ಎಷ್ಟು ಆಸೆಯಿತ್ತು ಅಂತ ಯಾರಿಗೆ ಹೇಳಲಿ?

ಕೇಸು ಹಾಕಿದೆವು. ಮನೆ ನೋಡಿ ವರದಿ ಕೊಡಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಅಂತ ನೇಮಿಸಿತು. ಅಷ್ಟರಲ್ಲಿ ನಾನು ಮತ್ತೊಮ್ಮೆ ಆಸ್ಪತ್ರೆ ಸೇರಿದ್ದೆ; ಅವರು ಬರುವ ಬೆಳಿಗ್ಗೆಯೇ ನನಗೆ ಡಿಸ್ಚಾರ್ಜ್. ಬಾಗಿಲಲ್ಲಿ ದೊಡ್ಡ ರಂಗೋಲಿ. ಒಳಗೆ ಕಾಲಿಟ್ಟೆ.

ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು.

ಹಸಿರು ಪಾಚಿಯಿಲ್ಲ, ಬೂಷ್ಟಿಲ್ಲ. ಅತ್ತೆ ಮೂರು ಸಲ ಸುಣ್ಣ ಬಳಿದಿದ್ದರು. "ದೊಡ್ಡವ್ರು ಮನೆಗೆ ಬರ್ತಾರೆ. ಮನೆ ಕೊಳಕಾಗಿ ಅಸಿಂಗವಾಗಿದ್ರೆ ಮರಿಯಾದೆಯಾ, ಕಣ್ಣು?" ಮುದ್ದಿಗೆ ಅವರು ನನ್ನನ್ನು ಕಣ್ಣು ಅಂತಲೇ ಕರೆಯುವುದು.

ನಗಲೋ ಅಳಲೋ! ಅಷ್ಟರಲ್ಲಿ ಕಮಿಷನರ್ ಬಂದರು, ಹಿಂದೆಯೇ ಓನರ್, ಮುಖದ ತುಂಬ ನಗು. ಕಾಫಿ ಕುಡಿದು ಕಮಿಷನರ್, "ಮನೆ ಚೆನ್ನಾಗೇ ಇದೆಯಲ್ಲಮ್ಮ" ಅಂದು ಪೆನ್ನು ತೆಗೆದರು.

ನನಗೆ ಹೆಚ್ಚು ಮಾತಾಡಲು ಉಸಿರಿರಲಿಲ್ಲ. ಮಗ್ಗದ ಕಡೆ ಕೈ ತೋರಿಸಿದೆ. "ಸಾರ್, ಒಂದ್ಸಲ ಕೂತು ನೋಡಿ."

ಆ ಮಹಾರಾಯರು ನಕ್ಕು, ಷೂ ಬಿಚ್ಚಿ, ಕತ್ತಲ ಗುಂಡಿಯಲ್ಲಿ ಕಾಲು ಇಳಿಸಿದರು. "ಅಯ್ಯಯ್ಯೋ!" ಅಂತ ಎತ್ತಿದರು. ಎರಡೂ ಪಾದ ಕೆಂಪಗಾಗಿದ್ದವು. ಅವತ್ತು ಶೆಡ್ಡಿನಲ್ಲಿ ಕೆಂಪು ಬಣ್ಣ ಹಾಕುತ್ತಿದ್ದರು. ಓನರ್ ಮುಖದ ನಗು ಹೋಯಿತು.

ಒಂದೂವರೆ ವರ್ಷ ಎಳೆದ ಮೇಲೆ ತೀರ್ಪು ನಮ್ಮ ಕಡೆ ಬಂತು. ಬಣ್ಣದ ನೀರು ಬೇರೆ ಕಡೆ ಹರಿಸಬೇಕು, ಗೋಡೆ ಹೊಸದಾಗಿ ಕಟ್ಟಬೇಕು, ಗುಂಡಿ ಮುಚ್ಚಿ ಸಿಮೆಂಟು ನೆಲ ಹಾಕಬೇಕು. ಡಾಕ್ಟರೂ ಅದನ್ನೇ ಹೇಳಿದರು: ಗುಂಡಿಯ ಸಹವಾಸ ಇನ್ನು ಬೇಡ.

ಗೆದ್ದೆ.

ಮಗ್ಗ ಬಿಚ್ಚಿ ಅಟ್ಟಕ್ಕೇರಿಸಿದೆವು. ಗುಂಡಿಗೆ ಮಣ್ಣು ಸುರಿಯುವಾಗ ನಾನು ಅಡುಗೆಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ನಮ್ಮವರು ಈಗ ಬೇರೆಯವರ ಮಗ್ಗಕ್ಕೆ ಹೋಗುತ್ತಾರೆ. ನನಗೆ ಮಾತ್ರೆ ಕಡಿಮೆಯಾಗಿದೆ, ಉಸಿರು ಎದೆತುಂಬ ಬರುತ್ತದೆ. ದೇವರು ದೊಡ್ಡವನು, ಅಷ್ಟಕ್ಕೆ ಕೈ ಮುಗಿಯುತ್ತೇನೆ.

ಮಧ್ಯಾಹ್ನ ಅದೇ ಸಿಮೆಂಟಿನ ಮೇಲೆ ಗೋಡೆಗೊರಗಿ, ಕಾಲು ಚಾಚಿ ಅಕ್ಕಿ ಆರಿಸುತ್ತೇನೆ. ಮೊನ್ನೆ ಅತ್ತೆ ನನ್ನ ಕಾಲನ್ನೇ ನೋಡುತ್ತಿದ್ದರು. ನನಗೇ ಗೊತ್ತಿಲ್ಲದೆ ಅದು ತುಳಿಯುತ್ತಿತ್ತು. ಅವರು ಪಕ್ಕಕ್ಕೆ ಬಂದು ಕೂತು, ಕಾಲು ಚಾಚಿ, ನನ್ನ ಪಾದದ ಮೇಲೆ ತಮ್ಮ ಪಾದ ಇಟ್ಟರು.

"ಮೆಲ್ಲಗೆ, ಕಣ್ಣು. ನೂಲು ಕಿತ್ತೋಗುತ್ತೆ."