ಸಂತಾಪ ಸೂಚಿಸಿ ಸಭೆಯನ್ನು ಮುಂದೂಡಲಾಯಿತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ಊರಿನ ನೀರು ಕುಡಿದವಳು ನಾನು. ಈಗ ಹೇಳುವುದು ಯಾವ ಊರಿನ ಕೌನ್ಸಿಲ್ಲಿನ ಸಂಗತಿ ಎಂದು ಮಾತ್ರ ಕೇಳಬೇಡಿ. ನಾಲ್ಕೂ ಕಡೆಯವರು ಇದು ಪಕ್ಕದೂರಿನದು ಅಂದುಕೊಂಡು ನಕ್ಕರೆ ನನಗೂ ಕ್ಷೇಮ.

ನನ್ನ ಕೆಲಸಕ್ಕೆ ಎರಡು ತುದಿ. ಒಂದು ತುದಿಯಲ್ಲಿ ಆಟೋಗೆ ಮೈಕು ಕಟ್ಟಿಸಿ, ವಾರ್ಡ್ ಸಭೆ ಕರೆದು, ಬಂದವರ ಅಹವಾಲು ಕೇಳುವುದು. ಇನ್ನೊಂದು ತುದಿಯಲ್ಲಿ ಅದನ್ನೇ ಕೌನ್ಸಿಲ್ ಸಭೆಯ ವಿಷಯಸೂಚಿಗೆ ಏರಿಸಿ, ಸದಸ್ಯರು ಆಡಿದ್ದರಲ್ಲಿ ಬೈಗುಳ ತೆಗೆದು, ಉಳಿದದ್ದನ್ನು ನಡಾವಳಿ ಎಂದು ಬರೆಯುವುದು. ಜನರಿಗೂ ಸಭೆಗೂ ನಡುವಿನ ಕೊಂಡಿ ನೀವು ಎಂದು ತರಬೇತಿಯಲ್ಲಿ ಹೊಗಳಿದ್ದರು. ಕೊಂಡಿಗೆ ಬಾಯಿ ಇರುವುದಿಲ್ಲ ಎಂದು ಹೇಳಿರಲಿಲ್ಲ. ಸಭೆಯಲ್ಲಿ ನೌಕರರು ಕೇಳಿದರೆ ಮಾತ್ರ ಮಾತಾಡಬೇಕು. ನನ್ನನ್ನು ಕೇಳುತ್ತಿದ್ದದ್ದು ಊಟ ಬಂತಾ ಎಂದು.

ನಮ್ಮ ಸಭೆಗೊಂದು ಸಂಪ್ರದಾಯವಿತ್ತು. ದೊಡ್ಡವರು ಯಾರಾದರೂ ತೀರಿಕೊಂಡಿದ್ದರೆ ಮೊದಲು ಸಂತಾಪ, ಎಲ್ಲರೂ ಎದ್ದು ನಿಂತು ಮೌನ. ಆಮೇಲೆ ಹಿರಿಯ ಸದಸ್ಯರೊಬ್ಬರು, ಇದೊಂದು ಕೆಲಸಕ್ಕೆಂದೇ ಗೆದ್ದು ಬಂದವರ ಹಾಗೆ ಗಂಟಲು ಸರಿಮಾಡಿಕೊಂಡು, ಮೃತರ ಗೌರವಾರ್ಥ ಸಭೆಯನ್ನು ಮುಂದೂಡಬೇಕು ಎನ್ನುತ್ತಿದ್ದರು. ಬೇಡ ಎನ್ನಲು ಯಾರಿಗೆ ಧೈರ್ಯ? ಹಿಂದೆ ಈ ಮರ್ಯಾದೆ ಮಂತ್ರಿಗಳಿಗಷ್ಟೇ ಇತ್ತಂತೆ. ನಾನು ಬರುವ ಹೊತ್ತಿಗೆ ಅದು ಮಾಜಿ ಸದಸ್ಯರನ್ನೂ ಸಿನಿಮಾದವರನ್ನೂ ದಾಟಿ, ಹಾಲಿ ಸದಸ್ಯರ ಮಾವಂದಿರ ತನಕ ಇಳಿದಿತ್ತು. ಊಟವನ್ನು ಮುಂದೂಡಿದ್ದು ಮಾತ್ರ ನಾನು ಒಮ್ಮೆಯೂ ಕಾಣಲಿಲ್ಲ.

ಊರಂಚಿನ ಕೇರಿಯಲ್ಲಿ ವಾರ್ಡ್ ಸಭೆ ಕರೆದಾಗ ಬಂದದ್ದು ಒಂದೇ ಅಹವಾಲು. ಕೇರಿಗೂ ಅದರ ಸ್ಮಶಾನಕ್ಕೂ ನಡುವೆ ಊರಿನ ಕೊಳಚೆಯೆಲ್ಲ ಹರಿಯುವ ದೊಡ್ಡ ಚರಂಡಿಯಿದೆ. ಹೆಣ ಹೊತ್ತವರು ಅದರೊಳಗೆ ಇಳಿದೇ ದಾಟಬೇಕು. ಅಡ್ಡಲಾಗಿ ಒಂದು ಕಿರುಸೇತುವೆ ಆಗಬೇಕು, ಅಷ್ಟೇ. ಅದನ್ನು ಕೇಳಿದವಳು ಒಬ್ಬ ಮುದುಕಿ. ಪಾವಗಡದಾಚೆ ಬಲಸಮುದ್ರದ ಕಡೆಯಿಂದ ಸೊಸೆಯಾಗಿ ಬಂದವಳು. ಅಲ್ಲಿನ ತೆಲುಗು ಇನ್ನೂ ನಾಲಿಗೆಯ ಮೇಲಿತ್ತು.

"ಏಮಮ್ಮಾ, ಬರ್ಕಂಡ್ಯಾ?" ಎಂದಳು. "ನನ್ನ ಗಂಡನ್ನ ಹೊತ್ಕಂಡು ಹೋದೋರು ಕಾಲು ಜಾರಿ ಅದ್ರೊಳಕ್ಕೇ ಬೀಳಿಸ್ಬುಟ್ರು. ಬದುಕಿರೋಗಂಟ ಹೆಂಗೋ ಆಯ್ತು. ನಾನು ಹೋಗೋವಾಗ ಒಣಗಿದ ಸೀರೇಲಿ ಹೋಗ್ಬೇಕು, ಅಷ್ಟು ಮಾಡ್ಕೊಡು."

ಮಾಡಿಕೊಡುವುದು ನನ್ನ ಕೈಲಿರಲಿಲ್ಲ, ವಿಷಯಸೂಚಿಗೆ ಸೇರಿಸುವುದು ಮಾತ್ರ ಇತ್ತು. ಸೇರಿಸಿದೆ. ಕೇರಿಯ ವಿಷಯವಾದ್ದರಿಂದ ಅದು ತಾನಾಗಿಯೇ ಪಟ್ಟಿಯ ಬುಡಕ್ಕೆ ಹೋಗಿ ಕೂತಿತು. ಆ ಸಲದ ಸಭೆ ಒಬ್ಬ ಮಾಜಿ ಶಾಸಕರಿಗಾಗಿ ಮುಂದೆ ಹೋಯಿತು. ಅದರ ನಂತರದ್ದು, ಯಾರೂ ಪೂರ್ತಿ ನೋಡಿರದ ಚಿತ್ರಗಳ ಒಬ್ಬ ನಟರಿಗಾಗಿ. ಪ್ರತಿ ಸಲವೂ ಮರುದಿನ ಬೆಳಿಗ್ಗೆ ಮುದುಕಿ ಮಗಳ ತೋಳು ಹಿಡಿದುಕೊಂಡು ಕಚೇರಿಗೆ ಬರುವಳು. ಮಗಳು ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು, ಹೆಚ್ಚು ಮಾತಿಲ್ಲ. ಮುದುಕಿ ನನ್ನ ಮೇಜಿನ ಮೇಲೆ ಹುರಿದ ಕಡ್ಲೆಕಾಯಿ ಸುರಿದು, ಈ ಸಲ ಯಾರು ಎಂದು ವಿಚಾರಿಸುವಳು. ನಾನು ಹೇಳಿದರೆ ತಲೆ ಚಚ್ಚಿಕೊಳ್ಳುವಳು. ನಿಮ್ಮೋರಿಗೆ ಸಾಯಕ್ಕೆ ಬೇರೆ ಹೊತ್ತೇ ಸಿಗಲ್ವಾ, ನಾನಿಲ್ಲಿ ಉಸುರು ಬಿಗಿ ಹಿಡ್ಕಂಡು ಕೂತಿಲ್ವಾ ಎಂದು ನನ್ನನ್ನೇ ಬೈಯುವಳು. ನನಗೂ ಹೊಟ್ಟೆ ಉರಿಯುತ್ತಿತ್ತು. ಭಾನುವಾರ ಗೊರವನಹಳ್ಳಿಗೆ ಹೋದಾಗ, ಮುಂದಿನ ಸಭೆಯ ತನಕ ಜಿಲ್ಲೆಯ ಯಾವ ಗಣ್ಯರಿಗೂ ಕೆಮ್ಮು ಕೂಡ ಬಾರದಿರಲಿ ತಾಯಿ ಎಂದು ಮಹಾಲಕ್ಷ್ಮಿಗೆ ಕೈ ಮುಗಿದೆ. ನನ್ನ ಜನ್ಮದಲ್ಲಿ ರಾಜಕಾರಣಿಗಳ ಆಯುಷ್ಯ ಬೇಡಿದ್ದು ಅದೊಂದೇ ಸಲ.

ತಾಯಿ ಕೇಳಿಸಿಕೊಳ್ಳಲಿಲ್ಲ. ಮುಂದಿನ ಸಭೆಯ ಹಿಂದಿನ ದಿನ ಒಬ್ಬ ಮಾಜಿ ಅಧ್ಯಕ್ಷರು ಹೋಗಿಬಿಟ್ಟರು. ಸಭೆಯ ದಿನ ಮುದುಕಿ ತಾನೇ ಬಂದು ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದಳು. ಮೌನಾಚರಣೆಗೆ ಎಲ್ಲರ ಜೊತೆ ಕೋಲೂರಿ ನಿಂತಳು. ಹಿರಿಯ ಸದಸ್ಯರು ಗಂಟಲು ಸರಿಮಾಡಿಕೊಂಡರು. ಆಗ ಬೆಂಚಿನ ಕಡೆಯಿಂದ ಅವಳ ದನಿ ಬಂತು.

"ನಾನಿನ್ನೂ ಸತ್ತಿಲ್ಲ. ಕೂತ್ಕಳ್ರಪ್ಪ."

ಸಾರ್ವಜನಿಕರು ಮಾತಾಡುವಂತಿಲ್ಲ ಎಂಬ ನಿಯಮ ಯಾರಿಗೂ ನೆನಪಾಗಲಿಲ್ಲ. ಕೆಲವರು ನಕ್ಕರು, ಕೆಲವರು ನಿಜವಾಗಿಯೂ ಕೂತರು. ಕೇರಿಯಿಂದ ಮೊದಲ ಸಲ ಗೆದ್ದು ಬಂದಿದ್ದ ಸದಸ್ಯ ಅವಳ ಪರವಾಗಿ ದನಿ ಎತ್ತಿದ. ಮುಜುಗರಕ್ಕೆ ಸಿಕ್ಕ ಅಧ್ಯಕ್ಷರು, ಮುಂದಿನ ಸಭೆಯಲ್ಲಿ ಕಿರುಸೇತುವೆಯೇ ಮೊದಲನೇ ವಿಷಯ ಎಂದು ಮಾತು ಕೊಟ್ಟು, ಆ ಸಭೆಯನ್ನು ಮುಂದೂಡಿದರು. ನಾನು ಅದನ್ನು ಒಂದನೇ ವಿಷಯವಾಗಿ ದಪ್ಪಕ್ಷರದಲ್ಲಿ ಟೈಪು ಮಾಡಿಸಿದೆ. ಅಂಥ ಖುಷಿ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಆ ಸಭೆಗೆ ಇನ್ನೊಂದು ವಾರವಿದೆ ಎನ್ನುವಾಗ ಮುದುಕಿ ಸತ್ತಳು. ನಾನು ಹೋಗಿದ್ದೆ. ಹಿಂದಿನ ದಿನ ಮಳೆಯಾಗಿ ಚರಂಡಿ ತುಂಬಿತ್ತು. ಹೊತ್ತವರು ಚಟ್ಟವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ಇಳಿದರು. ಮಗಳು ದಡದಲ್ಲಿ ನಿಂತು ಮೇಲೆತ್ತಿ, ಇನ್ನೂ ಮೇಲೆತ್ತಿ ಎನ್ನುತ್ತಲೇ ಇದ್ದಳು. ನಡುವೆ ಒಬ್ಬನ ಕಾಲು ಕುಸಿಯಿತು. ಚಟ್ಟ ಒಂದು ಕಡೆಗೆ ವಾಲಿ ಸೀರೆ ನೀರಿಗೆ ಬಿತ್ತು. ಮಗಳು ಸುಮ್ಮನಾದಳು. ನನಗೆ ಅಳು ತಡೆಯಲಾಗಲಿಲ್ಲ.

ಅವ್ವನಿಗಂತೂ ಆಗಲಿಲ್ಲ, ಇನ್ನು ಮುಂದೆ ಹೋಗುವವರಾದರೂ ಒಣಗಿ ಹೋಗಲಿ ಎಂದು ಮಗಳು ಸಭೆಯ ದಿನ ಬಂದು ಅದೇ ಬೆಂಚಿನಲ್ಲಿ ಕೂತಳು. ಆ ಸಲ ಪುಣ್ಯಕ್ಕೆ ಜಿಲ್ಲೆಯ ಗಣ್ಯರೆಲ್ಲ ಗಟ್ಟಿಮುಟ್ಟಾಗಿದ್ದರು. ಅಷ್ಟರಲ್ಲಿ ಕೇರಿಯ ಸದಸ್ಯ ಎದ್ದು, ಕಣ್ಣಲ್ಲಿ ನೀರು ತುಂಬಿಕೊಂಡು, ಈ ಬೇಡಿಕೆ ಇಟ್ಟ ತಾಯಿಗೆ ಸಭೆ ಸಂತಾಪ ಸೂಚಿಸಬೇಕು ಎಂದ. ಅವನ ಮನಸ್ಸು ಒಳ್ಳೆಯದೇ. ಎಲ್ಲರೂ ಎದ್ದು ನಿಂತರು. ಮೌನ ಮುಗಿಯಿತು. ಹಿರಿಯ ಸದಸ್ಯರು ಗಂಟಲು ಸರಿಮಾಡಿಕೊಂಡರು. ಮೊದಲನೇ ವಿಷಯ ಆ ತಾಯಿಯದೇ, ಅದೊಂದನ್ನು ಮುಗಿಸಿಬಿಡೋಣ ಎಂದು ಕೇರಿಯ ಸದಸ್ಯ ಅಡ್ಡ ಬಂದ.

"ಅದೆಂಗಾಗುತ್ತೆ?" ಎಂದರು ಹಿರಿಯರು. "ಸಂತಾಪ ಅಂದ್ಮೇಲೆ ಸಭೆ ಮುಂದಕ್ಕೆ ಹಾಕ್ಲೇಬೇಕು. ದೊಡ್ಡೋರಿಗಾದ್ರೆ ಹಾಕ್ತೀವಿ, ಕೇರಿ ಹೆಣ್ಮಗಳಿಗಾದ್ರೆ ಇಲ್ಲ ಅಂದ್ರೆ ಭೇದ ಮಾಡ್ದಂಗೆ ಆಗಲ್ವಾ?"

ಸಮಾನತೆಯ ಮಾತಿಗೆ ಎದುರಾಡುವವರು ಯಾರು? ಮೇಜು ಕುಟ್ಟಿ ಒಪ್ಪಿದರು. ನಾನು ಪೆನ್ನು ಎತ್ತಿ ಎಸೆಯಬೇಕೆಂದುಕೊಂಡೆ. ಎಸೆಯಲಿಲ್ಲ. ಊಟ ಬಂತಾ ಎಂದು ಯಾರೋ ಕೇಳಿದರು.

ಮಗಳು ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಸಭೆ ಮುಂದಕ್ಕೆ ಹಾಕೋದು ಬೇಡ ಎನ್ನಬೇಕು ಅಂತ ಅವಳಿಗಿತ್ತಂತೆ, ಅವ್ವ ಇದ್ದಿದ್ದರೆ ಉಗಿದಿರೋಳು ಎಂದಳು. ಆದರೆ ಅಷ್ಟು ಜನ ದೊಡ್ಡ ಮನುಷ್ಯರು ಅವ್ವನಿಗಾಗಿ ಎದ್ದು ನಿಂತಿದ್ದನ್ನು ಕಂಡು ಬಾಯೇ ಬರಲಿಲ್ಲವಂತೆ. ಮುಂದಿನ ಸಭೆ ಯಾವಾಗ ಎಂದು ಕೇಳಿ ತಿಳಿದುಕೊಂಡು, ಮೆಟ್ಟಿಲಿಳಿಯುತ್ತಿದ್ದವಳು ತಿರುಗಿ ನಿಂತಳು.

"ಅಲ್ಲಿಗಂಟ ನಮ್ಮೋರು ಯಾರಾರ ಹೋದ್ರೆ ನಿಮ್ಗೆ ಹೇಳಲ್ಲ ಕಣಮ್ಮ," ಎಂದಳು. "ಸೇತ್ವೆ ಆಗೋಗಂಟ ಗುಟ್ಟಾಗಿ ಸಾಯ್ತೀವಿ."