ಕೆಂಪು ಬಟ್ಟೆ ಸುತ್ತಿದ ಕುಡುಗೋಲು

ನಿವೃತ್ತಿಗೆ ಎರಡು ವರ್ಷ ಮೊದಲು, ಕನ್ನಡ ಧಾರಾವಾಹಿಗಳ ಕಲಾ ನಿರ್ದೇಶಕನಾಗಿದ್ದಾಗ, ಒಂದು ದೆವ್ವದ ಕಥೆಯ ಚಿತ್ರೀಕರಣಕ್ಕೆ ತಾಳವಾಡಿ ಬೆಟ್ಟಸಾಲಿನ ಪಣಕಹಳ್ಳಿಗೆ ಹೋದೆ. ದೃಶ್ಯಕ್ಕೆ ಬೇಕಾದ ವಸ್ತುಗಳನ್ನು ನಾವು 'ಪ್ರಾಪರ್ಟಿ' ಎನ್ನುತ್ತೇವೆ. ಅವುಗಳನ್ನು ಹುಡುಕಿ ತಂದು, ಒಂದೊಂದೂ ಕಥೆಯಲ್ಲಿ ಏನನ್ನು ಸೂಚಿಸುತ್ತದೆ ಎಂದು ಬರೆದುಕೊಡುವುದೂ ನನ್ನ ಕೆಲಸವಾಗಿತ್ತು.

ಕೂಲಿ ಮಾಡಿಕೊಂಡು ಒಬ್ಬರೇ ಇದ್ದ ಚಿಕ್ಕತಾಯಮ್ಮನ ಜಗಲಿಯಲ್ಲಿ ಹಳೆಯ ಕುಡುಗೋಲೊಂದು ಕಂಡಿತು. ಹಿಡಿಗೆ ಕೆಂಪು ಬಟ್ಟೆ ಸುತ್ತಿತ್ತು. ಹೊಸದೊಂದು ಕೊಡಿಸಿ ಅದನ್ನು ಪಡೆದೆ. 'ಕೆಂಪು ಬಟ್ಟೆ ಎಂದರೆ ಕಟ್ಟಿಹಾಕಿದ ಆತ್ಮ, ಬಾಗಿದ ಅಲಗು ಎಂದರೆ ತೀರದ ಸೇಡು' ಎಂದು ಬರೆದೆ. ನಿರ್ದೇಶಕರಿಗೆ ಬಹಳ ಹಿಡಿಸಿತು. ಆ ಕುಡುಗೋಲು ಯಾರ ಬಾಗಿಲಲ್ಲಿ ಕಾಣುತ್ತದೋ ಆ ಮನೆಯಲ್ಲಿ ಸಾವು ಎಂದು ಕಥೆ ಬೆಳೆಯಿತು.

ನಾಲ್ಕು ತಿಂಗಳ ಮೇಲೆ, ರಾಗಿ ಕೊಯ್ಲಿನ ಕಾಲಕ್ಕೆ ಮತ್ತೆ ಹೋದೆವು. ಊರಿನ ಹೆಂಗಸರೆಲ್ಲ ಹೊಲದಲ್ಲಿದ್ದರು. ಚಿಕ್ಕತಾಯಮ್ಮ ಮಾತ್ರ ಜಗಲಿಯಲ್ಲಿ ಕೂತಿದ್ದರು.

"ಕೆಲಸಕ್ಕೆ ಹೋಗಲಿಲ್ವಾ ಅಮ್ಮ?"

"ಯಾರೂ ಕರೀತಿಲ್ಲ ಸಾಮಿ. ಟಿವೀಲಿ ಬಂದದ್ದು ನನ್ ಕುಡ್ಲು ಅಂತ ಎಲ್ರಿಗೂ ಗೊತ್ತು. ನಾ ಒಲಕ್ಕೆ ಕಾಲಿಟ್ರೆ ಕೇಡು ಅಂತವ್ರೆ. ಒಬ್ರ ಜೊತೆ ನಾಕು ಮಾತಾಡಿ ತಿಂಗ್ಳಾಯ್ತು."

ಆಗ ಕೇಳಿದೆ: "ಆ ಕೆಂಪು ಬಟ್ಟೆ ಯಾಕೆ ಸುತ್ತಿದ್ರಿ?"

"ಅಂಗೈಲಿ ಬೊಬ್ಬೆ ಎದ್ದಿತ್ತು. ಕೈಗೆ ಸಿಕ್ಕಿದ್ದು ಅದೇ ಬಟ್ಟೆ."

ನಿರ್ದೇಶಕರಿಗೆ ಹೇಳಿದರೆ, "ಜನ ಕಾಯ್ತಿರೋದೇ ಆ ಕುಡುಗೋಲಿಗೆ, ಈಗ ಬದಲಿಸೋಕಾಗಲ್ಲ" ಎಂದರು. ಮರುದಿನ ಬೆಳಿಗ್ಗೆ ಚಿಕ್ಕತಾಯಮ್ಮನನ್ನು ಕರೆದುಕೊಂಡು ನಾನೇ ಹೊಲಕ್ಕೆ ಹೋದೆ. ಕೂಲಿಗೆ ಆಳು ಕೂಡಿಸುವ ಗೌರಮ್ಮನ ಮುಂದೆ ನಿಂತು, ಆ ಅರ್ಥವೆಲ್ಲ ನಾನು ಕಟ್ಟಿದ್ದು, ಅದರಲ್ಲಿ ಒಂದಕ್ಷರವೂ ನಿಜವಲ್ಲ ಎಂದೆ.

"ಅಂಗಾರೆ ನಮ್ಮೂರ್ ಎಂಗಸ್ನ ದೆವ್ವ ಮಾಡ್ಬುಟ್ರಾ ನೀವು?" ಎಂದರು ಗೌರಮ್ಮ. ಹೌದು ಎಂದೆ. ಆಕೆ ಚಿಕ್ಕತಾಯಮ್ಮನ ಕಡೆ ತಿರುಗಿ, "ಬಾಕ್ಕ, ಆ ಸಾಲು ಇಡ್ಕೊ" ಎಂದರು.

ಚಿಕ್ಕತಾಯಮ್ಮ ಬಗ್ಗಿ ಕೊಯ್ಯತೊಡಗಿದರು. ಉಳಿದವರು ಅಕ್ಕಪಕ್ಕದ ಎರಡೆರಡು ಸಾಲು ಬಿಟ್ಟೇ ಕೊಯ್ದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗಲೂ ಚಿಕ್ಕತಾಯಮ್ಮ ಬದುವಿನ ತುದಿಯಲ್ಲಿ ಬೇರೆಯೇ ಕೂತರು. ಗೌರಮ್ಮ ಒಬ್ಬರೇ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು.

ಅರ್ಥ ಕಟ್ಟಿದವನೇ ಬಂದು ಸುಳ್ಳು ಎಂದರೂ ಅದು ಊರು ಬಿಟ್ಟು ಹೋಗುವುದಿಲ್ಲ ಎಂದು ಅಂದು ತಿಳಿಯಿತು. ಅಲ್ಲಿಂದ ಮುಂದೆ ಯಾರ ಮನೆಯ ವಸ್ತುವನ್ನು ಮುಟ್ಟುವ ಮೊದಲೂ, "ಇದರಿಂದ ನೀವೇನು ಮಾಡ್ತೀರಿ?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕಾಯುತ್ತಿದ್ದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಯಬೇಕಿತ್ತು ಅದನ್ನು.